ಜ್ವರದ ಹಿಂದೆ ಬಂದ ಲಕ್ವ

ಊರೊಳಗೆ ಇಲಿ ಬಿದ್ದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಪ್ಲೇಗಿನ ಕಾಲದ ಕಥೆಯನ್ನು ಮಧುಗಿರಿಯಲ್ಲಿ ಅಜ್ಜಿಯ ಬಾಯಿಂದ ಕೇಳಿ ಬೆಳೆದವನು ನಾನು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಪಿಡುಗು ಮೈಸೂರು ಸಂಸ್ಥಾನದಲ್ಲಿ ಹಬ್ಬಿತು. ಇಪ್ಪತ್ತು ವರ್ಷಗಳ ಮೇಲೆ ಇನ್‌ಫ್ಲುಯೆಂಜ ಬಂದಿತು. ಅಜ್ಜಿಗೆ ಲಕ್ವವೆಂಬುದು ಬೇರೆಯೇ ಸಂಗತಿ. ಅದು ವಾಯುವಿನ ಕೋಪ, ಮುಪ್ಪಿನ ಪಾಲು. ಚರಕಸಂಹಿತೆಯೂ ಪಕ್ಷವಧವೆಂಬ ಹೆಸರಿನಲ್ಲಿ ಅದನ್ನು ವಾತವ್ಯಾಧಿಗಳ ಸಾಲಿಗೇ ಸೇರಿಸುತ್ತದೆ. ಜ್ವರಕ್ಕೂ ಲಕ್ವಕ್ಕೂ ನಂಟುಂಟೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

2020ರ ಮಾರ್ಚ್ 27ರಂದು ತುಮಕೂರು ಜಿಲ್ಲೆಯಲ್ಲಿ ಕೊರೋನಾದ ಮೊದಲ ಸಾವು ಸಂಭವಿಸಿತು, ತೀರಿಕೊಂಡವರು ಶಿರಾದವರು. ಕೊರಟಗೆರೆಯಿಂದ ಪಾವಗಡದವರೆಗೆ ಬಸ್ಸುಗಳು ನಿಂತಿದ್ದ ದಿನಗಳವು. ನಾವೆಲ್ಲ ಕೆಮ್ಮಿಗೆ, ಉಸಿರಿಗೆ ಅಂಜಿದ್ದೆವು. ಆದರೆ ಮರುತಿಂಗಳೇ ಬೇರೊಂದು ವಾರ್ತೆ ಬಂದಿತು. ಚೀನದ ವೂಹಾನ್ ನಗರದಲ್ಲಿ 214 ರೋಗಿಗಳನ್ನು ಪರಿಶೀಲಿಸಿದ ವೈದ್ಯರು ಅವರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿಗೆ ನರಮಂಡಲದ ತೊಂದರೆಗಳನ್ನು ಕಂಡಿದ್ದರು. ಕೆಲವರಿಗೆ ಪಾರ್ಶ್ವವಾಯುವೇ ಆಗಿತ್ತು. ನ್ಯೂಯಾರ್ಕಿನಿಂದ ವರದಿಯಾದ ಐವರು ಪಾರ್ಶ್ವವಾಯು ರೋಗಿಗಳಂತೂ 50 ವರ್ಷ ತುಂಬದವರು.

ಇದು ಹೇಗೆ? ಸೋಂಕಿಗೆ ದೇಹ ಕೆರಳಿದಾಗ ರಕ್ತನಾಳಗಳ ಒಳಪದರ ಬಾಧೆಗೊಳ್ಳುತ್ತದೆ, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಆ ಹೆಪ್ಪು ಮಿದುಳಿನ ನಾಳಕ್ಕೆ ಅಡ್ಡವಾದರೆ ಕೈಕಾಲು, ಮಾತು ನಿಲ್ಲುತ್ತವೆ. ಕೇಳುಗರು ಗಾಬರಿಪಡಬೇಕಾಗಿಲ್ಲ, ಆಸ್ಪತ್ರೆ ಸೇರಿದವರಲ್ಲಿಯೂ ನೂರಕ್ಕೆ ಸುಮಾರು ಒಬ್ಬಿಬ್ಬರಿಗೆ ಹೀಗಾಯಿತು. 2021ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು 86,000ಕ್ಕೂ ಮಿಕ್ಕ ಸೋಂಕಿತರನ್ನು ಲೆಕ್ಕಹಾಕಿ, ಸೋಂಕಿನ ಮೊದಲ ವಾರಗಳಲ್ಲಿ ಅಪಾಯ ಹೆಚ್ಚೆಂದು ತೋರಿಸಿತು.

ಆ ವರ್ಷದ ಮೇ ತಿಂಗಳಲ್ಲಿ ಪಾವಗಡದ ನನ್ನ ಸಹಪಾಠಿಯೊಬ್ಬರಿಗೆ ಜ್ವರ ಬಿಟ್ಟು ಹತ್ತು ದಿನವಾಗಿತ್ತು. ಬೆಳಗ್ಗೆ ಕಾಫಿಯ ಲೋಟ ಬಲಗೈಯಿಂದ ಜಾರಿತು, ಮಾತು ತೊದಲಿತು. ಜ್ವರದ ನಿಶ್ಶಕ್ತಿಯಿರಬೇಕೆಂದು ಮನೆಯವರು ಗಂಜಿ ಕುಡಿಸಿ ಮಲಗಿಸಿದರು. ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು ದಾರಿ. ಮಿಡಿಗೇಶಿ ದಾಟಿ, ಮಧುಗಿರಿ ಬೆಟ್ಟದ ಬುಡದಲ್ಲಿ ಅವರ ಕಾರು ಹಾದುಹೋದಾಗ ಸಂಜೆಯಾಗಿತ್ತು. ಪ್ಲೇಗಿಗೆ ಊರು ಬಿಡಬೇಕೆಂದು ತಿಳಿದಿದ್ದ ನಮ್ಮ ಸೀಮೆಗೆ ಈ ಗಡುವು ತಿಳಿದಿರಲಿಲ್ಲ. ಓದಿದವನೆನಿಸಿಕೊಂಡ ನನಗೂ ತಿಳಿದಿರಲಿಲ್ಲ. ಅಂದು ಮಧ್ಯಾಹ್ನ ಅವರ ಮಗ ಫೋನು ಮಾಡಿದಾಗ, ನಾಳೆ ನೋಡೋಣ, ಮಲಗಲಿ ಬಿಡಪ್ಪ ಎಂದವನು ನಾನೇ.

ಈಗ ಅವರು ಎಡಗೈಯಲ್ಲಿ ಬರೆಯುತ್ತಾರೆ. ಕಳೆದ ಯುಗಾದಿಗೆ ನನಗೊಂದು ಕಾಗದ ಬಂದಿತು, ನಾಲ್ಕು ಸಾಲು.