ಹೊಣೆಗೂ ಒಂದು ಬೆಲೆ

ನಾಗಪುರದ ಸೀತಾಬರ್ಡಿಯಲ್ಲಿ ಮೆಟ್ರೊ ಹತ್ತಿ ಪಶ್ಚಿಮಕ್ಕೆ ಹೊರಟರೆ ಕೊನೆಯ ನಿಲ್ದಾಣ ಲೋಕಮಾನ್ಯ ನಗರ. ಅದು ಹಿಂಗಣಾ ರಸ್ತೆಯ ಮೇಲಿದೆ. ಸುತ್ತ ಎಂಐಡಿಸಿ ಕೈಗಾರಿಕಾ ಪ್ರದೇಶ, ಮುಂದೆ ಹೋದರೆ ಹಿಂಗಣಾ ಪಟ್ಟಣ. ಈ ರಸ್ತೆಯ ದೊಡ್ಡ ಕಾರ್ಖಾನೆಗಳಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಒಂದು. ಕೆಲವು ವರ್ಷಗಳ ಹಿಂದೆ ಈ ಕಂಪನಿ ತನ್ನ ಟ್ರ್ಯಾಕ್ಟರುಗಳಿಗೆ 6 ವರ್ಷಗಳ ವಾರಂಟಿ ಘೋಷಿಸಿತು. ಮೊದಲ 2 ವರ್ಷ ಇಡೀ ಯಂತ್ರಕ್ಕೆ, ಮುಂದಿನ 4 ವರ್ಷ ಇಂಜಿನ್ ಮತ್ತು ಗೇರ್‌ಬಾಕ್ಸಿನ ಸವೆತಕ್ಕೆ. ಹತ್ತಿ ಬೆಳೆಯುವ ವಿದರ್ಭದ ರೈತನಿಗೆ ಅದು ಟ್ರ್ಯಾಕ್ಟರಿನ ಜೊತೆಗೇ ಬಂದ ಮಾತು.

ಅದೇ ಕಾರ್ಖಾನೆಯ ನೌಕರನೊಬ್ಬ ಸಾಲ ಮಾಡಿ ಕಾರು ಕೊಳ್ಳಲು ಶೋರೂಮಿಗೆ ಹೋದರೆ ಕಥೆ ಬೇರೆ. ಕಾರಿನ ಬೆಲೆ, ನೋಂದಣಿ, ವಿಮೆ, ಫಾಸ್ಟ್ಯಾಗ್, ನೆಲಹಾಸು ಎಲ್ಲ ಬರೆದಾದ ಮೇಲೆ ಪಟ್ಟಿಯ ಕೊನೆಗೆ ಒಂದು ಸಾಲು ಇರುತ್ತದೆ: ಎಕ್ಸ್‌ಟೆಂಡೆಡ್ ವಾರಂಟಿ. ಲಕ್ಷಗಳ ಲೆಕ್ಕದ ನಡುವೆ ಇಪ್ಪತ್ತು, ಮೂವತ್ತು ಸಾವಿರ ಸಣ್ಣದಾಗಿ ಕಾಣುತ್ತದೆ. ‘ಹಾಕಿಬಿಡಲಾ ಸಾರ್?’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಸಿಗುವುದು ಅರೆ ನಿಮಿಷ.

ಎರಡು ಕಡೆಯೂ ಪದ ಒಂದೇ, ವ್ಯವಹಾರ ಬೇರೆ. ಮೊದಲನೆಯದು ಮಾಡಿದವನು ತನ್ನ ವಸ್ತುವಿನ ಬಗ್ಗೆ ಹೊರುವ ಹೊಣೆ. ಎರಡನೆಯದು ನಾವು ಹಣ ಕೊಟ್ಟು ಕೊಳ್ಳುವ ಇನ್ನೊಂದು ಸರಕು. ಇವು ಹೇಗೆ ಬೇರ್ಪಟ್ಟವು ಎಂಬುದು ತಿಳಿದರೆ, ಆ ಅರೆ ನಿಮಿಷದ ಪ್ರಶ್ನೆಗೆ ಉತ್ತರವೂ ಸುಲಭವಾಗುತ್ತದೆ.

ಎತ್ತಿಗೆ ಐದು ದಿನ

ಸೀತಾಬರ್ಡಿಯ ಹೆಸರಿನಲ್ಲೇ ಗುರುತಿಸುವ ಒಂದು ಶಿಲಾಶಾಸನವಿದೆ. ಕಾಲ ಶಕವರ್ಷ 1008, ಅಂದರೆ ಸುಮಾರು ಕ್ರಿ.ಶ. 1087. ಅದು ಹೆಸರಿಸುವ ದೊರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತ ಅರಸನ ಮಾತು ವಿದರ್ಭದವರೆಗೂ ನಡೆಯುತ್ತಿದ್ದ ಕಾಲ ಅದು. ಆ ವಿಕ್ರಮಾದಿತ್ಯನ ಆಶ್ರಯದಲ್ಲೇ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವನ್ನು ನಾವು ಇಂದು ಆಸ್ತಿ ಹಂಚಿಕೆಯ ವಿಷಯಕ್ಕೆ ಮಾತ್ರ ನೆನೆಯುತ್ತೇವೆ. ಆದರೆ ಅದರಲ್ಲಿ ‘ಕ್ರೀತಾನುಶಯ’ ಎಂಬ ಒಂದು ಪ್ರಕರಣವೂ ಇದೆ. ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪ ಎಂದು ಅದರ ಅರ್ಥ.

ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಯಾಜ್ಞವಲ್ಕ್ಯ ಗಡುವು ಕೊಡುತ್ತಾನೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸು ಎಮ್ಮೆಗೆ 3 ದಿನ. ಮನುಷ್ಯರನ್ನೂ ಮಾರುತ್ತಿದ್ದ ಕಾಲವಾದ್ದರಿಂದ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂಬ ಲೆಕ್ಕವೂ ಆ ಪಟ್ಟಿಯಲ್ಲಿದೆ.

ಈ ಅಂಕಿಗಳ ಹಿಂದೆ ಒಂದು ವಿವೇಕ ಕಾಣುತ್ತದೆ. ಬೀಜ ಮೊಳೆಯುವುದನ್ನು ನೋಡಲು ಹತ್ತು ದಿನ ಬೇಕು. ಹಾಲಿನ ಲೆಕ್ಕ ಮೂರು ದಿನದಲ್ಲಿ ಗೊತ್ತಾಗುತ್ತದೆ. ಎತ್ತನ್ನು ನೊಗಕ್ಕೆ ಕಟ್ಟಿ ನಾಲ್ಕು ಸಾಲು ಉತ್ತರೆ ಅದರ ಹುಳುಕು ಬಯಲಾಗುತ್ತದೆ. ವಸ್ತುವಿನ ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಮಾರಿದವನ ಹೊಣೆ, ಆಮೇಲೆ ಕೊಂಡವನ ಹಣೆಬರಹ. ವಾರಂಟಿಯ ಮೂಲ ತತ್ತ್ವ ಇದೇ. ನಮ್ಮ ದನದ ಜಾತ್ರೆಗಳಲ್ಲಿ ಇಂದಿಗೂ ಹಲ್ಲು ಎಣಿಸಿ, ಸುಳಿ ನೋಡಿ, ಗಾಡಿಗೆ ಹೂಡಿ ನಡೆಸಿಯೇ ವ್ಯಾಪಾರ ಮುಗಿಸುವುದು. ಪ್ರಾಚೀನ ರೋಮಿನಲ್ಲೂ ದನ ಮತ್ತು ಗುಲಾಮರನ್ನು ಮಾರುವವರು ದೋಷವನ್ನು ಮೊದಲೇ ಹೇಳಬೇಕೆಂದು ಮಾರುಕಟ್ಟೆಯ ಅಧಿಕಾರಿಗಳು ವಿಧಿಸಿದ್ದರು.

ಕಾನೂನಿನಲ್ಲಿ ವಾರಂಟಿ ಚಿಕ್ಕ ಮಾತು

ಬ್ರಿಟಿಷರು ತಂದ ಕಾನೂನು ಈ ಹೊಣೆಯನ್ನು ಎರಡಾಗಿ ಸೀಳಿತು. 1930ರ ಸರಕು ಮಾರಾಟ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ 12ನೇ ಕಲಂ ಪ್ರಕಾರ ಮಾರಾಟದಲ್ಲಿ ಕೊಡುವ ಮಾತುಗಳಲ್ಲಿ ಎರಡು ದರ್ಜೆ. ಮಾರಾಟದ ಜೀವಾಳವಾದ ಮಾತು ‘ಷರತ್ತು’. ಅದು ಮುರಿದರೆ ಸರಕನ್ನೇ ಹಿಂದಿರುಗಿಸಬಹುದು. ಪಕ್ಕದ ಮಾತು ‘ವಾರಂಟಿ’. ಅದು ಮುರಿದರೆ ಪರಿಹಾರ ಕೇಳಬಹುದು, ಸರಕನ್ನು ಬೇಡ ಎನ್ನುವಂತಿಲ್ಲ.

ಅಂದರೆ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವ ವಾರಂಟಿ ಕಾನೂನಿನ ಕಣ್ಣಿನಲ್ಲಿ ಎರಡನೇ ದರ್ಜೆಯ ಮಾತು. ಇದು ಬರೀ ಪುಸ್ತಕದ ಸಂಗತಿಯಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಮಾರುತಿ ಕಾರಿನ ಪ್ರಕರಣವೊಂದರಲ್ಲಿ, ವಾರಂಟಿಯ ಕರಾರಿನಲ್ಲಿ ದೋಷವಿರುವ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವ ಹೊಣೆ ಮಾತ್ರ ಇದೆ ಎಂದು ಹೇಳಿ, ಕಾರನ್ನೇ ಬದಲಿಸಿಕೊಡಬೇಕೆಂಬ ಆದೇಶವನ್ನು ಒಪ್ಪಲಿಲ್ಲ. ಕಾಗದದಲ್ಲಿ ಬರೆದಷ್ಟೇ ಹೊಣೆ.

ಸರದಿಯ ಕಾಲ, ಪೈಪೋಟಿಯ ಕಾಲ

ಸ್ವಾತಂತ್ರ್ಯದ ನಂತರ ಮೂರು ದಶಕ ಭಾರತದಲ್ಲಿ ಕಾರು ಎಂದರೆ ಅಂಬಾಸಡರ್, ಫಿಯಟ್ ಅಥವಾ ಸ್ಟ್ಯಾಂಡರ್ಡ್. ಲೈಸೆನ್ಸು ಕೊಟ್ಟಷ್ಟೇ ಉತ್ಪಾದನೆ. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಹೀಗೆ ಕಾದು ನಿಂತ ಗಿರಾಕಿಯನ್ನು ಒಲಿಸಲು ಕಂಪನಿ ಭರವಸೆ ಕೊಡಬೇಕಾದ ಅಗತ್ಯವೇ ಇರಲಿಲ್ಲ. ಆ ಕಾಲದ ನಿಜವಾದ ವಾರಂಟಿ ನಮ್ಮ ಬೀದಿಯ ಮೇಸ್ತ್ರಿ ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆ. ಯಂತ್ರ ಸರಳವಾಗಿತ್ತು. ಸ್ಪ್ಯಾನರು ಹಿಡಿದವನಿಗೆ ಬಾನೆಟ್ಟಿನ ಕೆಳಗಿದ್ದದ್ದೆಲ್ಲ ಅರ್ಥವಾಗುತ್ತಿತ್ತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗಿರಾಕಿಯ ಕೈ ಸೇರಿತು. 1984ರಲ್ಲಿ ಏಕಸ್ವಾಮ್ಯ ವ್ಯಾಪಾರದ ಕಾಯ್ದೆಗೆ ತಿದ್ದುಪಡಿಯಾಗಿ, ಸರಿಯಾದ ಪರೀಕ್ಷೆಯಿಲ್ಲದೆ ಗ್ಯಾರಂಟಿ ಕೊಡುವುದು ಅನುಚಿತ ವ್ಯಾಪಾರ ಎನಿಸಿಕೊಂಡಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. 1993ರಲ್ಲಿ ಕಾರು ಉದ್ಯಮ ಲೈಸೆನ್ಸಿನಿಂದ ಮುಕ್ತವಾಯಿತು. 1998ರಲ್ಲಿ ಸ್ಯಾಂಟ್ರೊ ಮತ್ತು ಇಂಡಿಕಾ ಬಂದವು, 2000ದಲ್ಲಿ ನಮ್ಮ ಬಿಡದಿಯಿಂದ ಕ್ವಾಲಿಸ್ ಹೊರಟಿತು. ಈಗ ಕಾಯುವ ಸರದಿ ಕಂಪನಿಗಳದ್ದು. ಗಿರಾಕಿಗೆ ನಂಬಿಕೆ ಹುಟ್ಟಿಸುವುದು ಅವರ ಕೆಲಸವಾಯಿತು.

ನಂಬಿಕೆ ಹುಟ್ಟಿಸುವ ಈ ಕೆಲಸಕ್ಕೆ ಅಮೆರಿಕದಲ್ಲಿ ಆಗಲೇ ಒಂದು ಸಿದ್ಧಾಂತ ಹುಟ್ಟಿತ್ತು. ನಮ್ಮಲ್ಲಿ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಓಡಿಸುತ್ತೇವೆ. ಆ ದೇಶದಲ್ಲಿ ಸದಾ ಕೆಡುವ ಕಾರಿಗೇ ನಿಂಬೆಹಣ್ಣು ಎಂಬ ಅಡ್ಡಹೆಸರು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಆ ಹೆಸರನ್ನೇ ಇಟ್ಟು ಒಂದು ಪ್ರಬಂಧ ಬರೆದರು. 1967–68ರಲ್ಲಿ ಅವರು ಭಾರತದಲ್ಲಿದ್ದರು. ಅದೇ ಸುಮಾರಿಗೆ ಪತ್ರಿಕೆಗಳು ಪ್ರಬಂಧವನ್ನು ಒಂದರ ಹಿಂದೊಂದರಂತೆ ತಿರಸ್ಕರಿಸುತ್ತಿದ್ದವು. 1970ರಲ್ಲಿ ಕೊನೆಗೂ ಅಚ್ಚಾಯಿತು, 2001ರಲ್ಲಿ ನೊಬೆಲ್ ಬಹುಮಾನಕ್ಕೂ ಕಾರಣವಾಯಿತು. ಅವರ ಮಾತು ಸರಳ. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾದಾಗ ಒಳ್ಳೆಯ ಕಾರಿಗೂ ಒಳ್ಳೆಯ ಬೆಲೆ ಸಿಗುವುದಿಲ್ಲ. ಇದಕ್ಕೆ ಅವರು ಹೇಳಿದ ಮದ್ದುಗಳಲ್ಲಿ ಗ್ಯಾರಂಟಿ ಒಂದು. ತನ್ನ ವಸ್ತು ಕೆಟ್ಟರೆ ತಾನೇ ಖರ್ಚು ಹೊರುತ್ತೇನೆ ಎನ್ನುವ ಧೈರ್ಯ ಕೆಟ್ಟ ವಸ್ತು ಮಾಡುವವನಿಗೆ ಇರುವುದಿಲ್ಲ.

1963ರ ಮಾದರಿಗಳಿಗೆ ಕ್ರೈಸ್ಲರ್ ಕಂಪನಿ ಇಂಜಿನ್ ಮತ್ತು ಗೇರ್‌ಬಾಕ್ಸಿನ ಮೇಲೆ 5 ವರ್ಷ ಅಥವಾ 50,000 ಮೈಲಿಯ ವಾರಂಟಿ ಕೊಟ್ಟದ್ದು ಇದೇ ಧೈರ್ಯ. 1998ರಲ್ಲಿ ಅಮೆರಿಕದಲ್ಲಿ ಹ್ಯುಂಡೈ 10 ವರ್ಷದ ಮಾತು ಕೊಟ್ಟು ತನ್ನ ಹೆಸರಿಗೆ ಅಂಟಿದ್ದ ಕಳಪೆಯ ಕಳಂಕ ತೊಳೆದುಕೊಂಡಿತು. ನಮ್ಮಲ್ಲಿ ಮಾರುತಿ ಸುಜುಕಿ 2024ರ ಜುಲೈಯಲ್ಲಿ 2 ವರ್ಷ ಅಥವಾ 40,000 ಕಿ.ಮೀ. ಇದ್ದ ಮೂಲ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಹಿಂಗಣಾದ ಟ್ರ್ಯಾಕ್ಟರಿನ 6 ವರ್ಷವೂ ಈ ಸಾಲಿನದೇ.

ಹಣ ಕೊಟ್ಟರೆ ಅದು ವಾರಂಟಿಯೇ?

ವಿಸ್ತರಿಸಿದ ವಾರಂಟಿ ಈ ಸಾಲಿಗೆ ಸೇರುವುದಿಲ್ಲ. ಅಮೆರಿಕದ 1975ರ ವಾರಂಟಿ ಕಾಯ್ದೆ ಇದನ್ನು ಬೇರೆಯಾಗಿಯೇ ಹೆಸರಿಸುತ್ತದೆ. ವಸ್ತುವಿನ ಬೆಲೆಯೊಳಗೇ ಬಂದರೆ ವಾರಂಟಿ, ಪ್ರತ್ಯೇಕ ಹಣ ಕೊಟ್ಟು ಕೊಂಡರೆ ಸೇವಾ ಕರಾರು. ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರು ಉಳಿದದ್ದು ಮಾರುವವರಿಗೆ ಅನುಕೂಲವಾಯಿತು. ವಾಸ್ತವದಲ್ಲಿ ಇದು ವಿಮೆಯ ಬಂಧು. ಹಲವರು ಸ್ವಲ್ಪ ಸ್ವಲ್ಪ ಹಣ ಹಾಕುತ್ತಾರೆ, ಕೆಲವರ ದೊಡ್ಡ ಖರ್ಚು ಅದರಿಂದ ತುಂಬುತ್ತದೆ, ಮಿಕ್ಕದ್ದು ಮಾರಿದವರಿಗೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಾಕಿಕೊಳ್ಳೋಣ. 100 ಜನ ತಲಾ 20,000 ರೂಪಾಯಿ ಕೊಟ್ಟರು, ಒಟ್ಟು 20 ಲಕ್ಷ. ತೆರಿಗೆ, ಡೀಲರಿನ ಕಮಿಷನ್, ಲಾಭ ಕಳೆದು 10 ಲಕ್ಷ ರಿಪೇರಿಗೆ ಹೋಯಿತು ಎನ್ನಿ. ಸರಾಸರಿ ನೋಡಿದರೆ 20,000 ಕೊಟ್ಟವನಿಗೆ ಮರಳಿದ್ದು 10,000. ನಷ್ಟದ ವ್ಯಾಪಾರ. ಆದರೆ ಆ 10 ಲಕ್ಷ ಸಮನಾಗಿ ಹಂಚಿಹೋಗುವುದಿಲ್ಲ. ಐದು ಜನರ ಗೇರ್‌ಬಾಕ್ಸಿಗೆ ತಲಾ ಒಂದೂವರೆ ಲಕ್ಷ ಹೋಗುತ್ತದೆ, ಉಳಿದ ತೊಂಬತ್ತೈದು ಜನರಲ್ಲಿ ಹೆಚ್ಚಿನವರಿಗೆ ಏನೂ ಸಿಗುವುದಿಲ್ಲ. ಆ ಐವರಲ್ಲಿ ನೀವೊಬ್ಬರಾದರೆ ತಡೆದುಕೊಳ್ಳಬಲ್ಲಿರಾ ಎಂಬುದೇ ಪ್ರಶ್ನೆ.

ಈ ಸರಕಿನ ಜೊತೆ ಇನ್ನೊಂದು ಕಟ್ಟುಪಾಡೂ ಬರುತ್ತದೆ. ಹೊರಗಿನ ಮೇಸ್ತ್ರಿಯ ಕೈ ತಾಗಿದರೆ ವಾರಂಟಿ ರದ್ದು ಎಂಬ ನಿಯಮ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಮತ್ತು ವಾರಂಟಿಯ ಹೆದರಿಕೆ ತೋರಿಸಿ ಗಿರಾಕಿಯನ್ನು ಕಟ್ಟಿಹಾಕಿದ್ದು ಅದರ ಮುಖ್ಯ ಆಕ್ಷೇಪ. ಬೇರೆ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ಸಾರಾಸಗಟು ವಾರಂಟಿ ರದ್ದು ಮಾಡುವಂತಿಲ್ಲ ಎಂದೂ ಆದೇಶಿಸಿತು. ಪ್ರಕರಣ ಮೇಲ್ಮನವಿಗಳಿಗೆ ಹೋಯಿತು. ಶೋರೂಮಿನ ಮಾತಿನಲ್ಲಿ ಹೆಚ್ಚು ಬದಲಾವಣೆಯಾಗಲಿಲ್ಲ.

ಸಹಿಗೆ ಮೊದಲು

ಹಾಗಾದರೆ ಕೊಳ್ಳಬೇಕೇ, ಬೇಡವೇ? ನಾಲ್ಕು ಪ್ರಶ್ನೆಗಳಲ್ಲಿ ಇದು ಬಗೆಹರಿಯುತ್ತದೆ.

ಮೊದಲನೆಯದು, ಹೊಣೆ ಯಾರದು? ಕಾಗದದ ಮೇಲೆ ಕಾರು ಕಂಪನಿಯ ಹೆಸರಿದೆಯೇ, ಡೀಲರಿನದೇ, ಮೂರನೆಯವರದೇ ನೋಡಿ. ದೊಡ್ಡ ಕಂಪನಿಗಳೂ ಹೋಗುತ್ತವೆ. ದೇವೂ ಮುಳುಗಿತು, ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕಂಪನಿಯದ್ದಲ್ಲದ ಕಾಗದವಾದರೆ ಬೇಡ ಎನ್ನುವುದೇ ಕ್ಷೇಮ.

ಎರಡನೆಯದು, ನಿಮ್ಮ ಓಡಾಟ ಎಷ್ಟು? ವಾರಂಟಿ ವರ್ಷಕ್ಕೋ ಕಿಲೋಮೀಟರಿಗೋ, ಯಾವುದು ಮೊದಲೋ ಅದಕ್ಕೆ ಮುಗಿಯುತ್ತದೆ. ದಿನಕ್ಕೆ 30 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸುವ ನೌಕರನಿಗೆ ಮೂರು ವರ್ಷಕ್ಕೆ 27,000 ಕಿ.ಮೀ. ಆಗುತ್ತದೆ. ಅವನಿಗೆ ವರ್ಷಗಳ ವಿಸ್ತರಣೆ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ 200 ಕಿ.ಮೀ. ಓಡಿಸುವ ಟ್ಯಾಕ್ಸಿಯವನಿಗೆ 500 ದಿನದಲ್ಲೇ 1 ಲಕ್ಷ ದಾಟುತ್ತದೆ. ಅವನು ವರ್ಷಗಳನ್ನು ಕೊಂಡರೆ ಗಾಳಿಯನ್ನು ಕೊಂಡಂತೆ.

ಮೂರನೆಯದು, ಯಂತ್ರ ಎಂಥದು? ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ವೈಪರಿನಂಥ ಸವೆಯುವ ವಸ್ತುಗಳು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಇಲಿ ಕಡಿದ ವೈರು, ಮಳೆನೀರು ನುಗ್ಗಿದ ಇಂಜಿನ್ ವಿಮೆಯ ಪಾಲಿಗೆ ಬರುವಂಥವು. ಇವನ್ನು ಕಳೆದ ಮೇಲೆ ಸಾದಾ ಪೆಟ್ರೋಲ್ ಇಂಜಿನ್ನು, ಕೈಗೇರಿನ ಕಾರಿನಲ್ಲಿ ಕೆಡುವುದು ಕಡಿಮೆ. ಟರ್ಬೊ, ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು, ದೊಡ್ಡ ಪರದೆ ಇರುವ ಕಾರಿನಲ್ಲಿ ಒಂದು ಬಿಲ್ಲೇ ಲಕ್ಷ ಮುಟ್ಟಬಹುದು. ಬೀದಿಯ ಮೇಸ್ತ್ರಿಗೆ ಅದು ನಿಲುಕುವುದೂ ಇಲ್ಲ. ವಿದ್ಯುತ್ ಕಾರಿನಲ್ಲಾದರೆ ಮೊದಲು ನೋಡಬೇಕಾದ್ದು ಬ್ಯಾಟರಿಯ ಮೂಲ ವಾರಂಟಿಯನ್ನು.

ನಾಲ್ಕನೆಯದು, ನಿಮ್ಮ ಬಳಿ ಏನಿದೆ? ಒಂದೂವರೆ ಲಕ್ಷದ ಬಿಲ್ಲು ಬಂದರೆ ಬೈದುಕೊಂಡು ಕಟ್ಟಬಲ್ಲವರು ಅದೇ 20,000ವನ್ನು ಎಫ್‌ಡಿಯಲ್ಲಿ ಹಾಕಿಡಲಿ. ಕಾರು ಕೆಡದಿದ್ದರೆ ಹಣ ಅವರದೇ. ಆದರೆ ಕಾರಿನ ಕಂತು, ಮನೆ ಬಾಡಿಗೆ, ಮಕ್ಕಳ ಫೀಸಿನ ನಡುವೆ ಆ ಬಿಲ್ಲು ಬಂದರೆ ಕೈಸಾಲ ಮಾಡಬೇಕಾದ ಸಂಸಾರಕ್ಕೆ, ಸಂಕೀರ್ಣ ಯಂತ್ರವಾದರೆ, ಕಂಪನಿಯ ಕಾಗದ ಕೊಳ್ಳುವುದು ಸರಿಯಾದ ತೀರ್ಮಾನ. ಸರಾಸರಿಯಲ್ಲಿ ನಷ್ಟವಾದರೂ ಅವರು ಕೊಳ್ಳುತ್ತಿರುವುದು ನಿದ್ದೆಯನ್ನು.

ಯಾರೇ ಆಗಲಿ, ಆ ಅರೆ ನಿಮಿಷದಲ್ಲಿ ಒಪ್ಪಬೇಕಾಗಿಲ್ಲ. ಹಲವು ಕಂಪನಿಗಳು ಮೂಲ ವಾರಂಟಿ ಮುಗಿಯುವವರೆಗೂ ಇದನ್ನು ಮಾರುತ್ತವೆ, ತಡವಾದಂತೆ ಬೆಲೆ ಏರುತ್ತದೆ ಅಷ್ಟೆ. ವಿಜ್ಞಾನೇಶ್ವರನ ಕಾಲದಲ್ಲಿ ಎತ್ತಿಗೆ ಐದು ದಿನ ಸಿಕ್ಕಿದ್ದರೆ ನಮಗೆ ಒಂದೆರಡು ವರ್ಷ ಸಿಗುತ್ತದೆ. ಕಾರು ಎಂಥದೆಂದು ಆ ಹೊತ್ತಿಗೆ ಗೊತ್ತಾಗಿರುತ್ತದೆ.

ಕೊಂಡರೆ ಸರ್ವಿಸ್ ಬಿಲ್ಲುಗಳನ್ನು ತೆಗೆದಿಡಿ. ಕೊಟ್ಟ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಕಾಯ್ದೆ ಇನ್ನೊಂದು ದೊಡ್ಡ ಅನುಕೂಲ ಮಾಡಿದೆ. ದೂರನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಹುಬ್ಬಳ್ಳಿಯಲ್ಲಿ ಕಾರು ಕೊಂಡು ಕೆಲಸಕ್ಕೆಂದು ಹಿಂಗಣಾದಲ್ಲಿ ನೆಲೆಸಿದವರು ನಾಗಪುರದ ಜಿಲ್ಲಾ ಆಯೋಗದ ಮೆಟ್ಟಿಲೇರಬಹುದು. ಗಡುವು 2 ವರ್ಷ.

ಕನ್ನಡದಲ್ಲಿ ವಾರಂಟಿಗೆ ಹಳೆಯದೊಂದು ಪದವಿದೆ: ಹೊಣೆ. ಅದನ್ನು ‘ಹೊರುತ್ತಾರೆ’ ಎನ್ನುತ್ತೇವೆ, ‘ಮಾರುತ್ತಾರೆ’ ಎನ್ನುವುದಿಲ್ಲ. ಶೋರೂಮಿನ ಪಟ್ಟಿಯ ಕೊನೆಯ ಸಾಲು ಬಂದಾಗ ಕೇಳಬೇಕಾದ್ದು ಅಷ್ಟೇ: ಇದನ್ನು ಹೊರುವವರು ಯಾರು, ಎಲ್ಲಿಯವರೆಗೆ, ಮತ್ತು ಅದನ್ನು ಬರೆದ ಕಾಗದ ಎಲ್ಲಿ?