ಸಿಲಿಕೇಟ್ ಗಾಜು: ನೀಲಗಿರಿ ಮತ್ತು ಮೈಸೂರು ಸೀಮೆಯಲ್ಲಿ

ಬೆಣಚುಕಲ್ಲು ಅಥವಾ ಮರಳಿನ ಸಿಲಿಕಾವನ್ನು ಕ್ಷಾರದೊಂದಿಗೆ ಕರಗಿಸಿ, ಹರಳುಗಟ್ಟಲು ಬಿಡದೆ ಆರಿಸಿದಾಗ ಸಿಗುವ ಘನವಸ್ತುವೇ ಸಿಲಿಕೇಟ್ ಗಾಜು. ಕ್ಷಾರವಿಲ್ಲದೆ ಕರಗಿಸಿದ್ದು ಸಿಲಿಕಾ ಗಾಜು. ಎರಡರಲ್ಲೂ ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳಿರುತ್ತವೆ. ಬೆಣಚಿನ ಹರಳಿನಲ್ಲೂ ಹಾಗೆಯೇ. ಆದರೆ ಹರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ, ಸಿಲಿಕಾ ಗಾಜಿನದು 2.20 ಗ್ರಾಂ.

ನೀಲಗಿರಿಯಲ್ಲಿ ಗಾಜಿನ ಹಳೆಯ ಕುರುಹು ಬೆಟ್ಟದ ನೆತ್ತಿಗಳ ಮೇಲಿನ ಕಲ್ಲುವೃತ್ತದ ಸಮಾಧಿಗಳಲ್ಲಿದೆ. ಇವುಗಳನ್ನು ಕುರಿತು ಕ್ಯಾಪ್ಟನ್ ಎಚ್. ಕಾಂಗ್ರೀವ್ 1847ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬರೆದು, ಕಟ್ಟಿದವರು ಬೆಟ್ಟದ ಬುಡಕಟ್ಟಿನವರಾದ ತೋಡರೇ ಎಂದೂ ಅವರು ಸಿಥಿಯನ್ ಮೂಲದವರೆಂದೂ ವಾದಿಸಿದ. ಆದರೆ ತೋಡರು ಸತ್ತವರನ್ನು ಸುಡುವವರು. ಸಿಥಿಯನ್ ವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ಜಿಲ್ಲೆಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಹಲವು ಸಮಾಧಿಗಳನ್ನು ಅಗೆಸಿ 1872ರಲ್ಲಿ ತೀರಿಕೊಂಡ. ಅವನ ಪುಸ್ತಕ ಮರುವರ್ಷ ಪ್ರಕಟವಾಯಿತು. ಕಂಚಿನ ಬಟ್ಟಲುಗಳು, ಮುಚ್ಚಳದ ಮೇಲೆ ಎಮ್ಮೆಯ ಗೊಂಬೆ ಕೂತ ಮಡಕೆಗಳು, ಚಿನ್ನದ ಒಡವೆಗಳು ಸಿಕ್ಕವು. ಅವುಗಳ ಜೊತೆ ಕಲ್ಲಿನ ಮಣಿ, ಗಾಜಿನ ಮಣಿಗಳೂ ಇದ್ದವು. ವಿದ್ವಾಂಸರ ಕಣ್ಣು ಬಟ್ಟಲು, ಮಡಕೆಗಳ ಮೇಲೇ ನೆಟ್ಟಿತು. ಸಮಾಧಿಗಳ ಕಾಲವನ್ನು ಕ್ರಿಸ್ತಶಕದ ಆರಂಭದಿಂದ ಮಧ್ಯಯುಗದವರೆಗೆ ಎಳೆದಾಡಿದವರೂ ಆಧರಿಸಿದ್ದು ಆಕಾರ, ಶೈಲಿಗಳನ್ನೇ. ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಮಣಿಸರ ಸಮಾಧಿಗಿಂತ ಬಹಳ ಹಳೆಯದಾಗಿರಬಹುದು ಎಂಬುದು ಈ ವಾದಗಳಲ್ಲಿ ಮರೆತುಹೋಗುವ ಸಂಗತಿ.

ಮಣಿಯ ಮೂಲವನ್ನು ಆಕಾರಕ್ಕಿಂತ ಅದರೊಳಗಿನ ಧಾತುಗಳು ನಂಬುವಂತೆ ಹೇಳುತ್ತವೆ. ಹಳೆಯ ಬಂದರಾದ ಅರಿಕಮೇಡು ಮೊದಲಾದೆಡೆ ಸಿಕ್ಕ ದಕ್ಷಿಣ ಭಾರತದ ಹಳೆಯ ಗಾಜಿನ ಒಂದು ದೊಡ್ಡ ವರ್ಗದಲ್ಲಿ ಅಲ್ಯೂಮಿನ ಹೆಚ್ಚು, ಮೆಗ್ನೀಸಿಯ ಕಡಿಮೆ. ಗಿಡದ ಬೂದಿಯಿಂದ ಕ್ಷಾರ ಪಡೆದಿದ್ದರೆ ಮೆಗ್ನೀಸಿಯ ಏರಬೇಕಿತ್ತು. ಹಾಗಾಗಿ ಇಲ್ಲಿ ಬಳಸಿದ್ದು ನೆಲದ ಮೇಲೆ ಉಕ್ಕುವ ಚೌಳು ಮತ್ತು ಫೆಲ್ಡ್‌ಸ್ಪಾರ್ ಬೆರೆತ ಮರಳು ಎಂದು ಊಹಿಸಲಾಗಿದೆ.

ಚೌಳಿನಿಂದ ಗಾಜು ಮಾಡುವುದನ್ನು ಕಣ್ಣಾರೆ ಕಂಡು ಬರೆದವನು ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್. 1800–01ರ ಪ್ರವಾಸದಲ್ಲಿ ಅವನು ನೀಲಗಿರಿಯ ಅಂಚಿನ ಅರಕೋಡಿಗೂ ಹತ್ತಿದ್ದ, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೂ ಹೋಗಿದ್ದ. ಮತ್ತೋಡಿನ ಕುಲುಮೆಗಳಲ್ಲಿ ಬೆಣಚಿನ ಪುಡಿ ಮತ್ತು ಚೌಳು ಸೇರಿಸಿ ಕರಗಿಸಿ ಬಳೆ ಮಾಡುತ್ತಿದ್ದರು. ಬಣ್ಣಕ್ಕೆ ಕಬ್ಬಿಣದ ಅದಿರು, ತಾಮ್ರ. ಬಳೆ ಮಾಡುವವರು ಕರಗಿದ ಗಾಜಿನ ಉಂಡೆಯನ್ನು ಕಬ್ಬಿಣದ ಸರಳಿನ ತುದಿಗೆ ಹಿಡಿದು, ತೂತು ಮಾಡಿ, ಶಂಕುವಿನಾಕಾರದ ಅಚ್ಚಿಗೆ ಏರಿಸಿ ತಿರುಗಿಸಿ ಹಿಗ್ಗಿಸುತ್ತಾರೆ. ಗಾಜು ಮಂಜುಗಡ್ಡೆಯ ಹಾಗೆ ಒಂದೇ ಉಷ್ಣತೆಯಲ್ಲಿ ಕರಗದೆ ನಿಧಾನವಾಗಿ ಮೆದುವಾಗುವುದರಿಂದಲೇ ಈ ಕೈಕೆಲಸ ಸಾಧ್ಯ. ಸಿಲಿಕಾ ಗಾಜು ಮೆದುವಾಗಲು ಸುಮಾರು 1600 ಡಿಗ್ರಿ ಸೆಲ್ಸಿಯಸ್ ಬೇಕು, ಸೋಡಾ-ಸುಣ್ಣದ ಗಾಜಿಗೆ 700 ಡಿಗ್ರಿಯ ಆಸುಪಾಸು ಸಾಕು. ಹಳ್ಳಿಯ ಕುಲುಮೆಗೆ ಚೌಳು ಬೇಕಾದದ್ದು ಇದಕ್ಕೇ.

ಬೆಣಚು ನೀಲಗಿರಿಯಲ್ಲೂ ಇತ್ತು: ಗೂಡಲೂರು ಕಡೆಯ ದೇವಾಲ, ಪಂದಲೂರುಗಳಲ್ಲಿ 1880ರ ಸುಮಾರಿಗೆ ಚಿನ್ನಕ್ಕಾಗಿ ಬೆಣಚಿನ ಪಟ್ಟೆಗಳನ್ನು ಅಗೆದು ಪುಡಿಮಾಡಿದರು. ಚಿನ್ನದ ಅಮಲು ಬೇಗ ಇಳಿಯಿತು. ಈ ಬೆಣಚಿನ ಸುದ್ದಿ ಗಾಜಿನ ಇತಿಹಾಸದಲ್ಲಲ್ಲ, ಗಣಿಗಾರಿಕೆಯ ಇತಿಹಾಸದಲ್ಲಷ್ಟೇ ಬರುತ್ತದೆ.

ಗಾಜಿನ ಒಳರಚನೆಯ ಜಗಳ 20ನೆಯ ಶತಮಾನದ್ದು. ಗಾಜು ಅತಿಸಣ್ಣ ಹರಳುಗಳ ಗುಂಪು ಎಂದು ರಷ್ಯದ ಲೆಬೆದೆವ್ 1921ರಲ್ಲಿ ಹೇಳಿದ. 1932ರಲ್ಲಿ ಜಕಾರಿಯಾಸೆನ್ ಅದನ್ನು ಕ್ರಮವಿಲ್ಲದ ಜಾಲವೆಂದ: ಒಂದು ಸಿಲಿಕಾನ್, ನಾಲ್ಕು ಆಮ್ಲಜನಕಗಳ ಚತುರ್ಮುಖಿಗಳು ಮೂಲೆಗೆ ಮೂಲೆ ಕೂಡುತ್ತವೆ, ಆದರೆ ಕೂಡುವ ಕೋನ ಎಲ್ಲೆಡೆ ಒಂದೇ ಇರುವುದಿಲ್ಲ. ಕ್ಷಾರದ ಸೋಡಿಯಂ ಸೇರಿದಾಗ ಆಮ್ಲಜನಕದ ಕೆಲವು ಸೇತುವೆಗಳು ಮುರಿಯುತ್ತವೆ, ಗಾಜು ಬೇಗ ಮೆದುವಾಗುತ್ತದೆ, ನೀರಿಗೆ ಸವೆಯುತ್ತದೆ ಕೂಡ. ಸವೆತವನ್ನು ಸುಣ್ಣ, ಅಲ್ಯೂಮಿನಗಳು ತಡೆಯುತ್ತವೆ. ವಾರೆನ್‌ನ ಎಕ್ಸ್‌ಕಿರಣ ಪ್ರಯೋಗಗಳು ಜಾಲದ ಪಕ್ಷಕ್ಕೆ ಬಲ ಕೊಟ್ಟವು. 1969ರಲ್ಲಿ ಮೋಝಿ ಮತ್ತು ವಾರೆನ್ ಸಿಲಿಕಾ ಗಾಜಿನಲ್ಲಿ ಆ ಕೋನ ಸುಮಾರು 144 ಡಿಗ್ರಿಯ ಸುತ್ತ ಹರಡಿದೆಯೆಂದು ತೋರಿಸಿದರು.

ಸಾಮಾನ್ಯ ಗ್ರಂಥಗಳು ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ. ಬೆಳಕಿನ ಚದುರುವಿಕೆಯ ಕಡೆಯಿಂದ ಬಂದ ಭಾರತೀಯ ಕೆಲಸ ಅಡಿಟಿಪ್ಪಣಿಗೆ ಸರಿಯುತ್ತದೆ. ಸಿ.ವಿ. ರಾಮನ್ 1927ರಲ್ಲೇ ಗಾಜಿನಂಥ ಘನವಸ್ತುಗಳು ಬೆಳಕನ್ನು ಚದುರಿಸುವ ಬಗೆಯನ್ನು ಕುರಿತು ಬರೆದಿದ್ದರು. ಅವರ ಶಿಷ್ಯ ಆರ್.ಎಸ್. ಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಲಿಕಾ ಗಾಜಿನ ರಾಮನ್ ರೋಹಿತ ತೆಗೆದು 1953ರಲ್ಲಿ ಪ್ರಕಟಿಸಿದರು. ಅದರ ಕಡಿಮೆ ಆವೃತ್ತಿಯ ತುದಿಯಲ್ಲಿ ಬೆಣಚಿನ ಹರಳಿನಲ್ಲಿಲ್ಲದ ಅಗಲವಾದ ಪಟ್ಟಿಯೊಂದಿತ್ತು. ಮುಂದೆ ಅದಕ್ಕೆ ಬೋಸಾನ್ ಶೃಂಗ ಎಂಬ ಹೆಸರಾಯಿತು. ಅದೇ ಸಂಸ್ಥೆಯ ಕೆ.ಜೆ. ರಾವ್ ಗಾಜುಗಳ ರಚನಾ ರಸಾಯನವನ್ನು ಕುರಿತ ಬೃಹತ್ ಗ್ರಂಥವನ್ನು 2002ರಲ್ಲಿ ತಂದರು. ಬೋಸಾನ್ ಶೃಂಗಕ್ಕೆ ಜಾಲದ ಕ್ರಮರಾಹಿತ್ಯ ಕಾರಣವೋ, ಹರಳಿನಲ್ಲೂ ಇರುವ ಕಂಪನಗಳೇ ರೂಪ ಬದಲಿಸಿದ್ದೋ ಎಂಬ ಬಗ್ಗೆ ಭೌತವಿಜ್ಞಾನಿಗಳಲ್ಲಿ ಈಗಲೂ ಒಮ್ಮತವಿಲ್ಲ.