ಶವದ ಕಿವಿ, ಜೀವಂತ ಕಿವಿ: ಕಾಕ್ಲಿಯಾ ಸಂಶೋಧನೆಯ ಚರಿತ್ರೆ

1961ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದದ್ದು ಗೆಯೊರ್ಗ್ ಫಾನ್ ಬೆಕೆಶಿ ಅವರಿಗೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾದೊಳಗೆ ಶಬ್ದ ಹೇಗೆ ಸಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಅಳೆದವರು ಅವರು. ಆದರೆ ಅವರು ನೋಡಿದ್ದು ಹೆಚ್ಚಾಗಿ ಶವದ ಕಿವಿಗಳನ್ನು. ಅದೂ ಬದುಕಿರುವವರು ಕಿವಿ ಮುಚ್ಚಿಕೊಂಡು ಓಡುವಷ್ಟು ಜೋರಾದ ಶಬ್ದ ಹಾಯಿಸಿ. ಪ್ರಶಸ್ತಿ ಬಂದ ಕಾಲು ಶತಮಾನದೊಳಗೇ ಇನ್ನೊಂದು ಸಂಗತಿ ಗೊತ್ತಾಯಿತು. ಕಾಕ್ಲಿಯಾ ಮಾಡುವ ಅತಿ ಸೂಕ್ಷ್ಮ ಕೆಲಸ ಪ್ರಾಣ ಹೋದ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತದೆ. ಬೆಕೆಶಿ ಎಷ್ಟೇ ಕಣ್ಣರಳಿಸಿ ನೋಡಿದ್ದರೂ ಅದು ಅವರಿಗೆ ಕಾಣುವಂತಿರಲಿಲ್ಲ.

ಶ್ರವಣಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದು ಸಿದ್ಧಾಂತ ಇನ್ನೊಂದನ್ನು ಸೋಲಿಸಿದ ಕಥೆಯಾಗಿ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಸಂಶೋಧಕರ ಮೇಜಿನ ಮೇಲೆ ಎಂಥ ಕಿವಿ ಇತ್ತು ಎಂಬ ಪ್ರಶ್ನೆ. ಒಣಗಿದ ಮೂಳೆಯೋ, ಹಸಿ ಶವವೋ, ಉಸಿರಾಡುತ್ತಿರುವ ಪ್ರಾಣಿಯೋ? ಈ ಶಾಸ್ತ್ರದ ದೊಡ್ಡ ತಿರುವುಗಳೆಲ್ಲ ಆ ಮೇಜು ಬದಲಾದಾಗ ಬಂದವು.

ಮೂಳೆಯಿಂದಲೇ ಶುರುವಾಗಲಿ. 16ನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞರಿಗೆ ಕಿವಿ ಎಂದರೆ ಕೆತ್ತಿ ಬಿಡಿಸಬೇಕಾದ ಗಟ್ಟಿ ಒಗಟು, ಏಕೆಂದರೆ ಒಳಗಿವಿಯನ್ನು ಹೊತ್ತ ಕಣತಲೆಯ ಮೂಳೆಯ ಭಾಗ ದೇಹದ ಮೂಳೆಗಳಲ್ಲೇ ಅತಿ ಗಡುಸು. ವೆಸೇಲಿಯಸ್ 1543ರ ತಮ್ಮ ಮಹಾಗ್ರಂಥದಲ್ಲಿ ನಡುಗಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳನ್ನು ವರ್ಣಿಸಿದರು. ಮೂರನೆಯದಾದ ರಿಕಾಪು ಮೂಳೆ ಅವರ ಕಣ್ತಪ್ಪಿತು. ಸುಮಾರು 3 ಮಿಲಿಮೀಟರಿನ ಆ ಮೂಳೆಯನ್ನು ಮೊದಲು ಕಂಡವರು ತಾವೆಂದು ಒಬ್ಬರಿಗಿಂತ ಹೆಚ್ಚು ಮಂದಿ ಜಗಳಕ್ಕೆ ನಿಂತರು. ಇಂದು ಆ ಗೌರವ ಹೆಚ್ಚಾಗಿ ನೇಪಲ್ಸ್‌ನ ಇಂಗ್ರಾಸಿಯಾ ಅವರಿಗೆ ಸಲ್ಲುತ್ತದೆ. ನಡುಗಿವಿಯಿಂದ ಗಂಟಲಿಗೆ ಇಳಿಯುವ ನಾಳವನ್ನು ಯೂಸ್ಟೇಕಿ ವಿವರಿಸಿದರು. ಫಲೋಪಿಯೊ 1561ರಲ್ಲಿ ಕಾಕ್ಲಿಯಾಕ್ಕೆ ಅದರ ಹೆಸರನ್ನು ಕೊಟ್ಟರು. ಮೂಳೆಯ ಮಟ್ಟಿಗೆ ಇವರ ಕೆಲಸದಲ್ಲಿ ಹೆಚ್ಚು ತಿದ್ದಲು ಏನೂ ಉಳಿದಿರಲಿಲ್ಲ.

ಮೂಳೆಯ ಪೊಳ್ಳಿನೊಳಗೆ ಏನಿದೆ ಎನ್ನುವಲ್ಲಿ ಮಾತ್ರ ಎಲ್ಲರೂ ಎಡವಿದರು. ಗ್ರೀಕರ ಕಾಲದಿಂದ ನಂಬಿಕೊಂಡು ಬಂದಿದ್ದ ಪ್ರಕಾರ ಒಳಗಿವಿಯಲ್ಲಿ ಇರುವುದು ಹುಟ್ಟಿನಿಂದಲೇ ಬಂದ ಒಂದು ಶುದ್ಧ ಗಾಳಿ. ಹೊರಗಿನ ಗಾಳಿಯ ಕಂಪನವನ್ನು ಗ್ರಹಿಸಲು ಒಳಗೂ ಗಾಳಿಯೇ ಇರಬೇಕಲ್ಲ ಎಂಬುದು ತರ್ಕ. ಹಳೆಯ ಶವಗಳ ಕಿವಿಯನ್ನು ಒಡೆದಾಗ ಪೊಳ್ಳು ಖಾಲಿಯಾಗಿಯೇ ಕಾಣುತ್ತಿದ್ದುದರಿಂದ ಕಣ್ಣೂ ತರ್ಕದ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. 1761ರಲ್ಲಿ ನೇಪಲ್ಸ್‌ನ ದೊಮೇನಿಕೊ ಕೊಟುನ್ಯೊ ಹೊಸ ಶವಗಳ ಕಿವಿಯನ್ನು ಬಿಡಿಸಿ, ಅಲ್ಲಿ ಗಾಳಿಗೆ ಜಾಗವೇ ಇಲ್ಲ, ಪೊಳ್ಳೆಲ್ಲ ದ್ರವದಿಂದ ತುಂಬಿದೆ ಎಂದು ತೋರಿಸಿದರು. ಹಿಂದಿನವರಿಗೆ ಕಂಡಿದ್ದು ಆ ದ್ರವ ಆರಿಹೋದ ಮೇಲಿನ ಸ್ಥಿತಿ. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಎರಡು ಸಾವಿರ ವರ್ಷದ ನಂಬಿಕೆಯನ್ನು ಇಳಿಸಿದ್ದು ಹೊಸ ಉಪಕರಣದ ಬಲದಿಂದಲ್ಲ, ಶವ ಹಸಿಯಾಗಿತ್ತು ಎಂಬ ಬಲದಿಂದ.

ದ್ರವ ಎಂದಾದ ಮೇಲೆ ನಡುಗಿವಿಯ ಮೂರು ಮೂಳೆಗಳಿಗೂ ಅರ್ಥ ಬಂತು. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ನೀರಿಗೆ ಬಡಿದರೆ ಅದರ ಶಕ್ತಿಯ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಸಾವಿರದಲ್ಲಿ ಒಂದು ಪಾಲು ಒಳಹೊಕ್ಕರೆ ಹೆಚ್ಚು. ಕಿವಿದಮಟೆಯ ಕಂಪಿಸುವ ಭಾಗ ರಿಕಾಪು ಕೂತಿರುವ ಕಿಂಡಿಗಿಂತ ಸುಮಾರು 17 ಪಟ್ಟು ದೊಡ್ಡದು. ಅಗಲವಾದ ಪೊರೆ ಹಿಡಿದ ಬಲವೆಲ್ಲ ಪುಟ್ಟ ಕಿಂಡಿಯ ಮೇಲೆ ಬೀಳುತ್ತದೆ, ಮೂಳೆಗಳ ಸನ್ನೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಈ ಲೆಕ್ಕವನ್ನು ಶವದ ಕಿವಿಯಲ್ಲೂ ಮಾಡಬಹುದು. ತೊಡಕು ಇರುವುದು ಕಿಂಡಿಯ ಆಚೆಗೆ.

ಆಚೆಗೆ ಏನಿದೆ ಎಂದು ಮೊದಲು ಸರಿಯಾಗಿ ಕಂಡವರು ಅಲ್ಫೊನ್ಸೊ ಕೊರ್ಟಿ. ಇಟಲಿಯ ಈ ಶ್ರೀಮಂತ ಮನೆತನದ ಯುವಕ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ಕೊಲಿಕರ್ ಅವರ ಪ್ರಯೋಗಾಲಯ ಸೇರಿ, ಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಕಾಕ್ಲಿಯಾದ ಪೊರೆಯನ್ನು ನೋಡಿದರು. 1851ರ ಅವರ ಲೇಖನದಲ್ಲಿ ತಳಪೊರೆಯ ಮೇಲೆ ಕೂತ ರೋಮಕೋಶಗಳ ಸಾಲು, ಅವುಗಳ ನಡುವೆ ಕಮಾನಿನಂತೆ ಒಂದಕ್ಕೊಂದು ಒರಗಿ ನಿಂತ ಕಡ್ಡಿಗಳು, ಮೇಲೆ ಚಾಚಿದ ಪೊರೆ ಎಲ್ಲವೂ ಇವೆ. ಆ ಅಂಗಕ್ಕೆ ಕೊರ್ಟಿಯ ಹೆಸರಿಟ್ಟವರು ಕೊಲಿಕರ್. ಕೊರ್ಟಿ ಮಾತ್ರ ಆಸ್ತಿ ಕೈಗೆ ಬಂದೊಡನೆ ವಿಜ್ಞಾನಕ್ಕೆ ವಿದಾಯ ಹೇಳಿ, ದ್ರಾಕ್ಷಿ ತೋಟ ನೋಡಿಕೊಂಡು ಉಳಿದ ಆಯುಷ್ಯ ಕಳೆದರು. ಇಷ್ಟು ದೊಡ್ಡ ಹೆಸರಿಗೆ ಇಷ್ಟು ಚಿಕ್ಕ ವೃತ್ತಿಜೀವನ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ಕೊರ್ಟಿ ಕೊಟ್ಟ ಚಿತ್ರಕ್ಕೆ ಅರ್ಥ ಹಚ್ಚಿದವರು ಹೆರ್ಮನ್ ಹೆಲ್ಮ್‌ಹೋಲ್ಟ್ಸ್. 1863ರಲ್ಲಿ ಹೊರಬಂದ ಸ್ವರಸಂವೇದನೆಯ ಮೇಲಿನ ಅವರ ಗ್ರಂಥದ ವಾದ ಸರಳ: ಪಿಯಾನೊದ ಮುಚ್ಚಳ ತೆರೆದು ತಂತಿಗಳನ್ನು ಸ್ವತಂತ್ರವಾಗಿ ಬಿಟ್ಟು ಅದರೆದುರು ಹಾಡಿದರೆ ಹಾಡಿದ ಸ್ವರಕ್ಕೆ ಹೊಂದುವ ತಂತಿಗಳು ಮಾತ್ರ ಮಿಡಿಯುತ್ತವೆ, ಒಳಗಿವಿಯಲ್ಲೂ ಅಂಥ ತಂತಿಗಳ ಸಾಲಿದೆ. ಮೊದಲ ಮುದ್ರಣದಲ್ಲಿ ಕೊರ್ಟಿಯ ಕಮಾನುಗಳನ್ನೇ ತಂತಿಗಳೆಂದು ಹಿಡಿದು, ಸುಮಾರು 3,000 ಕಮಾನುಗಳನ್ನು ಏಳು ಸ್ಥಾಯಿಗಳಿಗೆ ಹಂಚಿ, ಸ್ಥಾಯಿಯೊಂದಕ್ಕೆ 400ರ ಲೆಕ್ಕ ಕಟ್ಟಿದರು. ಹಕ್ಕಿಗಳ ಕಿವಿಯಲ್ಲಿ ಆ ಕಮಾನುಗಳೇ ಇಲ್ಲ ಎಂಬುದು ಹೊರಬಿದ್ದಾಗ ವಾದ ಕುಂಟಿತು. ಕೋಗಿಲೆಗೆ ಸ್ವರಜ್ಞಾನವಿಲ್ಲ ಎಂದು ಯಾರು ಹೇಳಿಯಾರು? ಅಷ್ಟರಲ್ಲಿ ವಿಕ್ಟರ್ ಹೆನ್ಸೆನ್ ತಳಪೊರೆಯನ್ನು ಅಳೆದು, ಅದು ಬುಡದಲ್ಲಿ ಕಿರಿದು, ತುದಿಗೆ ಹೋದಂತೆ ಅಗಲ ಎಂದು ತೋರಿಸಿದ್ದರು. ಹೆಲ್ಮ್‌ಹೋಲ್ಟ್ಸ್ ತಂತಿಗಳನ್ನು ಕಮಾನಿನಿಂದ ತಳಪೊರೆಯ ನಾರುಗಳಿಗೆ ವರ್ಗಾಯಿಸಿದರು. ಬುಡದಲ್ಲಿ ತಾರಸ್ವರ, ತುದಿಯಲ್ಲಿ ಮಂದ್ರ ಎಂಬ ನಕ್ಷೆ ಅಂದಿನಿಂದ ಇಂದಿನವರೆಗೂ ನಿಂತಿದೆ.

ಈ ಗ್ರಂಥಕ್ಕೆ ನಮ್ಮ ಕಡೆಗೂ ಒಂದು ನಂಟಿದೆ. ಸಿ. ವಿ. ರಾಮನ್ ಅವರು ತಮ್ಮ ಮೇಲೆ ಗಾಢ ಪ್ರಭಾವ ಬೀರಿದ ಪುಸ್ತಕಗಳಲ್ಲಿ ಇದನ್ನೂ ಹೆಸರಿಸುತ್ತಿದ್ದರು. ಮೃದಂಗದ ಬಲಮುಚ್ಚಿಗೆಗೆ ಹಾಕುವ ಕರಣೆ ಅದರ ಉಪಸ್ವರಗಳನ್ನು ಹೇಗೆ ಶ್ರುತಿಬದ್ಧಗೊಳಿಸುತ್ತದೆ ಎಂದು ಅವರು ಶಿವಕಾಳಿ ಕುಮಾರ್ ಜತೆ 1920ರಲ್ಲಿ ಬರೆದ ಟಿಪ್ಪಣಿ ಆ ಪರಂಪರೆಯದೇ.

ಪಿಯಾನೊ ಸಿದ್ಧಾಂತದ ಮೇಲಿನ ಮುಖ್ಯ ಆಕ್ಷೇಪ ಭೌತಶಾಸ್ತ್ರದಿಂದ ಬಂತು. ನೀರಿನಲ್ಲಿ ಮುಳುಗಿರುವ, ಒಂದಕ್ಕೊಂದು ಅಂಟಿಕೊಂಡಿರುವ ನಾರುಗಳು ಬಿಡಿ ತಂತಿಗಳಂತೆ ಮಿಡಿಯಲು ಹೇಗೆ ಸಾಧ್ಯ? 1876ರಲ್ಲಿ ಟೆಲಿಫೋನ್ ಬಂದ ಮೇಲೆ ವಿಲಿಯಂ ರುದರ್‌ಫರ್ಡ್ ಕಿವಿಯೂ ಟೆಲಿಫೋನೇ ಎಂದರು: ಪೊರೆಯೆಲ್ಲ ಒಟ್ಟಾಗಿ ಅಲುಗುತ್ತದೆ, ವಿಂಗಡಣೆಯೆಲ್ಲ ಮಿದುಳಿನ ಕೆಲಸ. 1930ರಲ್ಲಿ ವೆವರ್ ಮತ್ತು ಬ್ರೇ ಬೆಕ್ಕೊಂದರ ಶ್ರವಣನರಕ್ಕೆ ತಂತಿ ಸಿಕ್ಕಿಸಿ, ಸಿಕ್ಕ ವಿದ್ಯುತ್ತನ್ನು ವರ್ಧಿಸಿ, ದೂರದ ಕೋಣೆಯ ರಿಸೀವರಿಗೆ ಕೊಟ್ಟರು. ಬೆಕ್ಕಿನ ಕಿವಿಯಲ್ಲಿ ಆಡಿದ ಮಾತು ಆ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು! ಟೆಲಿಫೋನ್ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಆ ವಿದ್ಯುತ್ತಿನ ಬಹುಪಾಲು ನರದ್ದಲ್ಲ, ಕಾಕ್ಲಿಯಾದ್ದು ಎಂದು ಬೇಗನೆ ಗೊತ್ತಾಯಿತು. ಜೀವಂತ ಕಾಕ್ಲಿಯಾ ತಾನೇ ಮೈಕಿನಂತೆ ವಿದ್ಯುತ್ ಹುಟ್ಟಿಸುತ್ತದೆ ಎಂಬ ಈ ಸುಳಿವಿನ ಪೂರ್ಣ ಬೆಲೆ ತಿಳಿಯಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಬೆಕೆಶಿ ಕಿವಿಯ ವೈದ್ಯರಲ್ಲ, ಬುಡಾಪೆಸ್ಟಿನ ಅಂಚೆ ಇಲಾಖೆಯ ದೂರವಾಣಿ ಪ್ರಯೋಗಾಲಯದ ಭೌತವಿಜ್ಞಾನಿ. ದೂರವಾಣಿಯ ಯಾವ ಭಾಗವನ್ನು ಸುಧಾರಿಸಿದರೆ ಫಲ ಎಂದು ತಿಳಿಯಲು ಕೊನೆಯ ಗ್ರಾಹಕವಾದ ಕಿವಿಯನ್ನೂ ಅಳೆಯಬೇಕಾಗಿತ್ತು. ಮೊದಲು ಲೋಹದ ಚೌಕಟ್ಟಿಗೆ ರಬ್ಬರ್ ಪೊರೆ ಬಿಗಿದು ನೀರು ತುಂಬಿದ ಮಾದರಿ ಕಟ್ಟಿದರು. ಆಮೇಲೆ ಶವದ ಕಿವಿಗೆ ಹೋದರು. ನೀರಿನಡಿಯಲ್ಲಿ ಕಾಕ್ಲಿಯಾದ ತುದಿಯನ್ನು ಕೊರೆದು ತೆರೆಯುವುದು, ಪಾರದರ್ಶಕ ಪೊರೆಯ ಮೇಲೆ ಬೆಳ್ಳಿಯ ನುಣ್ಣನೆ ಪುಡಿ ಉದುರಿಸುವುದು, ಶಬ್ದ ಹಾಯಿಸಿ ಮಿಣುಕು ಬೆಳಕಿನಲ್ಲಿ ಆ ಕಣಗಳು ನಿಧಾನಕ್ಕೆ ತೂಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು — ಇಷ್ಟು ಚೊಕ್ಕವಾದ ಕೈಕೆಲಸವನ್ನು ಈ ಶಾಸ್ತ್ರ ಅದುವರೆಗೆ ಕಂಡಿರಲಿಲ್ಲ. ಕಂಡದ್ದು ಬಿಡಿ ತಂತಿಗಳ ಮಿಡಿತವಲ್ಲ, ಬುಡದಿಂದ ಹೊರಟು ತುದಿಯತ್ತ ಸಾಗುವ ಅಲೆ. ತನ್ನ ಆವೃತ್ತಿಗೆ ತಕ್ಕ ಜಾಗದಲ್ಲಿ ಉಬ್ಬಿ, ಆಮೇಲೆ ಅಡಗುತ್ತದೆ.

ಆದರೆ ಆ ಉಬ್ಬು ಬಲು ಅಗಲ. ಪಕ್ಕಪಕ್ಕದ ಎರಡು ಸ್ವರಗಳ ಉಬ್ಬುಗಳು ಒಂದರ ಮೇಲೊಂದು ಕೂರುತ್ತವೆ. ಗಾಯಕರೊಬ್ಬರು ಶ್ರುತಿ ಕೂದಲೆಳೆಯಷ್ಟು ಜಾರಿದರೆ ಸಭೆಯ ಮೂಲೆಯಲ್ಲಿದ್ದ ರಸಿಕರ ಹುಬ್ಬು ಗಂಟಿಕ್ಕುತ್ತದೆ. ಇಷ್ಟು ಮಂದವಾದ ಅಲೆಯಿಂದ ಅಷ್ಟು ಚೂಪಾದ ವಿವೇಚನೆ ಬರುವುದೆಲ್ಲಿಂದ? ಉಳಿದದ್ದನ್ನು ನರಜಾಲ ಚೂಪುಗೊಳಿಸುತ್ತದೆ ಎಂದು ಬೆಕೆಶಿ ಊಹಿಸಿದರು, ಹೆಚ್ಚಿನವರು ಒಪ್ಪಿದರು.

ಒಪ್ಪದವರು ಥಾಮಸ್ ಗೋಲ್ಡ್. ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿ ಕೇಂಬ್ರಿಜ್‌ಗೆ ಮರಳಿದ್ದ ಗೋಲ್ಡ್, ಪಂಫ್ರಿಯವರ ಜತೆ ಜೀವಂತ ಮನುಷ್ಯರ ಮೇಲೆಯೇ ಆಲಿಸುವ ಪ್ರಯೋಗ ನಡೆಸಿ, ಕಿವಿಯ ವಿಂಗಡಣೆ ಮೂಲದಲ್ಲೇ ಚೂಪಾಗಿದೆ ಎಂದು ವಾದಿಸಿದರು. ದ್ರವದ ಅಡೆತಡೆಯನ್ನು ಮೀರಿ ಅಷ್ಟು ಚೂಪಾದ ಅನುರಣನ ಬರಬೇಕಾದರೆ ಕಾಕ್ಲಿಯಾ ತನ್ನದೇ ಶಕ್ತಿಯನ್ನು ಕಂಪನಕ್ಕೆ ಮರಳಿ ಊಡಬೇಕು ಎಂಬುದು 1948ರ ಅವರ ನಿಲುವು. ಸಭಾಂಗಣದಲ್ಲಿ ಮೈಕನ್ನು ಸ್ಪೀಕರಿಗೆ ಹತ್ತಿರ ತಂದರೆ ಕುಂಯ್‌ಗುಟ್ಟುತ್ತದಲ್ಲ, ಅದೇ ತತ್ತ್ವ. ಹಾಗಿದ್ದರೆ ಕಿವಿಯೇ ಆಗೀಗ ಶಬ್ದ ಹೊರಡಿಸಬೇಕು ಎಂದೂ ಅವರು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಗೋಲ್ಡ್ ಬೇಸತ್ತು ಖಗೋಳಶಾಸ್ತ್ರಕ್ಕೆ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದರು.

ಮೇಜು ಮತ್ತೆ ಬದಲಾದದ್ದು 1971ರಲ್ಲಿ. ಅಮೆರಿಕದ ವಿಲಿಯಂ ರೋಡ್ ಜೀವಂತ ಅಳಿಲುಕೋತಿಯ ತಳಪೊರೆಯ ಮೇಲೆ ವಿಕಿರಣಶೀಲ ಕಣವಿಟ್ಟು, ಮೊಸ್ಬಾವರ್ ವಿಧಾನದಿಂದ ಅದರ ಚಲನೆ ಅಳೆದರು. ಮೆಲ್ಲಗಿನ ಶಬ್ದಕ್ಕೆ ಪೊರೆ ನಿರೀಕ್ಷೆಗಿಂತ ಹೆಚ್ಚು ಅಲುಗುತ್ತಿತ್ತು, ಜೋರಾದ ಶಬ್ದಕ್ಕೆ ಆ ಪ್ರಮಾಣದಲ್ಲಿ ಹೆಚ್ಚುತ್ತಿರಲಿಲ್ಲ. ಪ್ರಾಣಿ ಸತ್ತ ಮೇಲೆ ಈ ಗುಣ ಮಾಯವಾಗಿ, ಪೊರೆ ಬೆಕೆಶಿ ಬರೆದಂತೆ ವರ್ತಿಸತೊಡಗಿತು. ಈ ಶಾಸ್ತ್ರದ ಅತ್ಯಂತ ನಿರ್ಣಾಯಕ ಪ್ರಯೋಗ ಇದೇ ಎಂದು ನನ್ನ ಎಣಿಕೆ. ಒಂದೇ ಕಿವಿ, ಒಂದೇ ಉಪಕರಣ, ಸಾವಿನ ಈಚೆಗೊಂದು ಅಂಕಿ, ಆಚೆಗೊಂದು ಅಂಕಿ.

1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಮನುಷ್ಯರ ಕಿವಿಯ ದ್ವಾರವನ್ನು ಪುಟ್ಟ ಮೈಕು, ಪುಟ್ಟ ಸ್ಪೀಕರು ಇರುವ ಬಿರಡೆಯಿಂದ ಮುಚ್ಚಿ 'ಟಿಕ್' ಎಂಬ ಸದ್ದು ಕೊಟ್ಟರು. ಕೆಲವೇ ಮಿಲಿಸೆಕೆಂಡುಗಳ ಮೇಲೆ ಒಳಗಿನಿಂದ ಕ್ಷೀಣವಾದ ಮಾರ್ದನಿ ಬಂತು. ಬರಿಯ ಪ್ರತಿಧ್ವನಿಯಾಗಿದ್ದರೆ ಅಷ್ಟು ತಡವಾಗಿ ಬರುವಂತಿಲ್ಲ. ಕಾಕ್ಲಿಯಾ ಕೆಟ್ಟು ಕಿವುಡಾದ ಕಿವಿಗಳಲ್ಲಿ ಅದು ಬರಲೂ ಇಲ್ಲ. ಗೋಲ್ಡ್ ಹೇಳಿದ ಮಾತು 30 ವರ್ಷದ ಮೇಲೆ ನಿಜವಾಗಿತ್ತು.

ಶಕ್ತಿ ಊಡುತ್ತಿದ್ದುದು ಯಾವುದು? ಮನುಷ್ಯರ ಒಂದು ಕಾಕ್ಲಿಯಾದಲ್ಲಿ ಒಳಸಾಲಿನ ರೋಮಕೋಶಗಳು ಸುಮಾರು 3,500, ಹೊರಸಾಲಿನವು ಸುಮಾರು 12,000. ವಿಚಿತ್ರವೆಂದರೆ ಮಿದುಳಿಗೆ ಸುದ್ದಿ ಒಯ್ಯುವ ನರತಂತುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊರಡುವುದು ಒಳಸಾಲಿನಿಂದ. ಸಂಖ್ಯೆಯಲ್ಲಿ ಮೂರು ಪಟ್ಟಿಗೂ ಹೆಚ್ಚಿರುವ ಹೊರಸಾಲು ಮಿದುಳಿಗೆ ಬಹುತೇಕ ಏನನ್ನೂ ಹೇಳುವುದಿಲ್ಲ. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಗಿನಿಯಿಲಿಯಿಂದ ಬಿಡಿಸಿದ ಹೊರಸಾಲಿನ ಕೋಶಕ್ಕೆ ವಿದ್ಯುತ್ ಕೊಟ್ಟರು. ಕೋಶ ಕುಗ್ಗಿತು, ಹಿಗ್ಗಿತು. ಅದರ ಹಿಂದಿನ ಪ್ರೋಟೀನಾದ ಪ್ರೆಸ್ಟಿನ್ 2000ದಲ್ಲಿ ಪೀಟರ್ ಡಾಲೋಸ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ಕೇಳಿಸಿಕೊಳ್ಳುವುದು ಒಳಸಾಲು, ಬಂದ ಅಲೆಯನ್ನು ತನ್ನ ಕುಣಿತದಿಂದ ಎತ್ತರಿಸಿ ಚೂಪುಗೊಳಿಸುವುದು ಹೊರಸಾಲು.

ಹಾಗೆಂದು ಬೆಕೆಶಿ ತಪ್ಪಿದರು ಎಂದು ಬರೆಯುವುದು ಅವಸರದ ತೀರ್ಪು. ಚಲಿಸುವ ಅಲೆ ಜೀವಂತ ಕಿವಿಯಲ್ಲೂ ಇದೆ. ಎತ್ತರಿಸಲು ಮೊದಲು ಅಲೆ ಇರಬೇಕಲ್ಲ. ಹೆಲ್ಮ್‌ಹೋಲ್ಟ್ಸ್ ಬಯಸಿದ ಚೂಪೂ ನಿಜವೇ, ಅದು ತಂತಿಯಿಂದ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇದರಲ್ಲಿ ಇನ್ನೊಂದು ಹಳೆಯ ಎಳೆಯೂ ಬಂದು ಕೂಡುತ್ತದೆ. 18ನೆಯ ಶತಮಾನದ ಪಿಟೀಲು ವಿದ್ವಾಂಸ ಜುಸೆಪ್ಪೆ ತಾರ್ತಿನಿ, ಎರಡು ಸ್ವರಗಳನ್ನು ಒಟ್ಟಿಗೆ ಗಟ್ಟಿಯಾಗಿ ನುಡಿಸಿದಾಗ ಯಾರೂ ನುಡಿಸದ ಮೂರನೆಯ ಸ್ವರವೊಂದು ಕೇಳಿಸುತ್ತದೆ ಎಂದು ಗುರುತಿಸಿದ್ದರು. ಅಂಥ ಸ್ವರಗಳಲ್ಲಿ ಕೆಲವು ಕಾಕ್ಲಿಯಾದೊಳಗೇ ಹುಟ್ಟುತ್ತವೆ. ಕಿವಿಗೆ 2,000 ಮತ್ತು 2,400 ಹರ್ಟ್ಸ್‌ನ ಎರಡು ಸ್ವರ ಕೊಟ್ಟರೆ ಹೊರಸಾಲು ಆರೋಗ್ಯವಾಗಿದ್ದಲ್ಲಿ 1,600 ಹರ್ಟ್ಸ್‌ನ ಸ್ವರವೊಂದು ಕಿವಿಯಿಂದ ಹೊರಬರುತ್ತದೆ. ಮೊದಲಿನದರ ಇಮ್ಮಡಿಯಲ್ಲಿ ಎರಡನೆಯದನ್ನು ಕಳೆದರೆ ಬರುವ ಸಂಖ್ಯೆ ಅದು.

ಇಂದು ನವಜಾತ ಶಿಶುಗಳ ಶ್ರವಣ ತಪಾಸಣೆಗೆ ಹೆಚ್ಚಾಗಿ ಬಳಸುವುದು ಕೆಂಪ್ ಅವರ ಮಾರ್ದನಿಯನ್ನು, ಇಲ್ಲವೇ ಈ ಮೂರನೆಯ ಸ್ವರವನ್ನು. 1965ರಲ್ಲಿ ಆರಂಭವಾದ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಈ ತಪಾಸಣೆ ನಡೆಸುತ್ತದೆ. ನಿದ್ದೆಹೋದ ಮಗುವಿನ ಕಿವಿಗೆ ಮೆತ್ತನೆಯ ಬಿರಡೆ ಇಟ್ಟರೆ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಮಗು ತಲೆ ಹೊರಳಿಸಬೇಕಿಲ್ಲ, ಎಚ್ಚರವಾಗಲೂ ಬೇಕಿಲ್ಲ. ಆದರೆ ಉತ್ತರ ಬರುವುದು ಹೊರಸಾಲಿನಿಂದ ಮಾತ್ರ. ಹೊರಸಾಲು ಚೆನ್ನಾಗಿದ್ದು, ಒಳಸಾಲೋ ಶ್ರವಣನರವೋ ಕೆಟ್ಟಿರುವ ಮಕ್ಕಳೂ ಇದ್ದಾರೆ. 1996ರಿಂದ ವೈದ್ಯರು ಇದನ್ನು ಶ್ರವಣನರದ ಪ್ರತ್ಯೇಕ ದೋಷವೆಂದು ಗುರುತಿಸುತ್ತಾರೆ. ಅಂಥ ಮಗುವಿನ ಕಿವಿ ಮಾರ್ದನಿ ಕೊಡುತ್ತದೆ, ಮಾತು ಮಾತ್ರ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಆದ್ದರಿಂದ ಹೆರಿಗೆಯ ಬಳಿಕ ತೀವ್ರ ನಿಗಾ ಘಟಕದಲ್ಲಿದ್ದ, ಕಾಮಾಲೆ ವಿಪರೀತವಾಗಿದ್ದ ಮಕ್ಕಳಿಗೆ ನೆತ್ತಿಯ ಮೇಲೆ ವಿದ್ಯುದ್ವಾರ ಅಂಟಿಸಿ ಮಿದುಳುಕಾಂಡದ ಪ್ರತಿಕ್ರಿಯೆಯನ್ನೂ ಬೇರೆಯಾಗಿ ಅಳೆಯುತ್ತಾರೆ.